ವಿಮೆ ಕಾರ್ಡು ಪೆಟ್ಟಿಗೆಯಲ್ಲಿ, ಆರೋಗ್ಯ ಯಾರ ಕೈಯಲ್ಲಿ?

(ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬೆಳಿಗ್ಗೆ ಎದ್ದು ಮನೆಗೆಲಸ ಮುಗಿಸಿ, ಹಸುವಿಗೆ ಮೇವು ಹಾಕಿ, ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಬಸ್ಸು ಹಿಡಿದು ಬಂದಿದ್ದೀರಿ. ಇವತ್ತು ನನಗೆ ಕೊಟ್ಟಿರುವ ವಿಷಯ ಆರೋಗ್ಯ ವಿಮೆ. ವಿಮೆ ಮಾಡಿಸಿ ಅಂತ ಹೇಳೋದಕ್ಕೆ ಏಜೆಂಟರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕು ಅಂದುಕೊಂಡಿರುವುದು ಅದರ ಮುಂದಿನ ಮಾತು. ವಿಮೆ ಮಾಡಿಸಿದವರು ಕಾಯಿಲೆ ಬೀಳದ ಹಾಗೆ ನೋಡಿಕೊಳ್ಳುವುದರಲ್ಲಿ ವಿಮೆ ಕೊಡುವವರ ಪಾಲು ಏನು? ನಮ್ಮ ಪಾಲು ಏನು?

ನೀವು ಊರಿಗೆ ಹೋದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಸಂಘದ ಸಾಲದ ಪುಸ್ತಕ ತೆಗೆದು, ಹೋದ ಎರಡು ವರ್ಷದಲ್ಲಿ ಕೊಟ್ಟ ಸಾಲಗಳನ್ನು ಒಂದೊಂದಾಗಿ ನೋಡಿ. ಹಸು ತರಲು ಎಷ್ಟು, ಮಗಳ ಫೀಸಿಗೆ ಎಷ್ಟು, ಬೋರ್‌ವೆಲ್ಲಿಗೆ ಎಷ್ಟು, ಆಸ್ಪತ್ರೆಗೆ ಎಷ್ಟು ಅಂತ ಬೇರೆ ಬೇರೆ ಬರೆಯಿರಿ. ಹಸುವಿಗೆ ಮಾಡಿದ ಸಾಲ ಹಾಲು ಕೊಟ್ಟು ತೀರುತ್ತದೆ. ಆಸ್ಪತ್ರೆಗೆ ಮಾಡಿದ ಸಾಲ ನಮ್ಮ ಊಟ ತಿಂದು ತೀರುತ್ತದೆ. ಆ ಪಟ್ಟಿ ನೋಡಿದರೆ ನಾನು ಈ ವಿಷಯ ಯಾಕೆ ಎತ್ತಿಕೊಂಡೆ ಅಂತ ನಿಮಗೇ ಗೊತ್ತಾಗುತ್ತದೆ.

ವಿಮೆ ಅಂದರೆ ದೊಡ್ಡ ಹುಂಡಿ

ವಿಮೆ ನಮಗೆ ಹೊಸದಲ್ಲ. ವಾರ ವಾರ ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿ, ಕಷ್ಟ ಬಂದವರಿಗೆ ಅದರಿಂದ ಕೊಡುತ್ತೇವಲ್ಲ, ಅದರ ದೊಡ್ಡಣ್ಣನೇ ವಿಮೆ. ಲೆಕ್ಕಕ್ಕಾಗಿ ಹೇಳುತ್ತೇನೆ. ಸಾವಿರ ಕುಟುಂಬ, ಒಂದೊಂದು ಕುಟುಂಬ ವರ್ಷಕ್ಕೆ 500 ರೂಪಾಯಿ ಕಟ್ಟಿದರೆ ಹುಂಡಿಯಲ್ಲಿ 5 ಲಕ್ಷ ಆಯಿತು. ಹತ್ತು ಮನೆಯಲ್ಲಿ ಆಪರೇಷನ್ ಆಗಿ ತಲಾ 50 ಸಾವಿರ ಖರ್ಚಾದರೆ ಹುಂಡಿ ಖಾಲಿ. ಹನ್ನೆರಡು ಮನೆಯಲ್ಲಿ ಆದರೆ ಮುಂದಿನ ವರ್ಷ ಕಂತು ಏರಲೇಬೇಕು. ಎಂಟೇ ಮನೆಯಲ್ಲಿ ಆದರೆ ಒಂದು ಲಕ್ಷ ಉಳಿಯುತ್ತದೆ. ಕಾಯಿಲೆ ಕಡಿಮೆಯಾದರೆ ಮನೆಗೂ ಲಾಭ, ಹುಂಡಿಗೂ ಲಾಭ. ಇದೊಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ, ಉಳಿದಿದ್ದು ಸುಲಭ.

ನಮ್ಮ ರಾಜ್ಯದ್ದೇ ಉದಾಹರಣೆ ಇದೆ, ಯಶಸ್ವಿನಿ. ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ 2003ರ ಜೂನ್‌ನಲ್ಲಿ ಇದು ಕೆಲಸ ಶುರು ಮಾಡಿತು. ಡಾ. ದೇವಿ ಶೆಟ್ಟಿಯವರು ಇದರ ಹಿಂದೆ ನಿಂತವರಲ್ಲಿ ಪ್ರಮುಖರು. ಒಬ್ಬರಿಗೆ ತಿಂಗಳಿಗೆ 5 ರೂಪಾಯಿ, ಅಂದರೆ ವರ್ಷಕ್ಕೆ 60 ರೂಪಾಯಿ ಕಟ್ಟಬೇಕಿತ್ತು. ಸರ್ಕಾರವೂ ಸ್ವಲ್ಪ ಸೇರಿಸಿತು. ನಡುವೆ ವಿಮಾ ಕಂಪನಿ ಇರಲಿಲ್ಲ, ಹಣ ಒಂದು ಟ್ರಸ್ಟಿನಲ್ಲಿ ಇತ್ತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಆಮೇಲೆ ಖರ್ಚು ಏರಿತು, ಮೂರನೇ ವರ್ಷಕ್ಕೆ 60 ರೂಪಾಯಿ 120 ಆಯಿತು. ಆ ವರ್ಷ ಎಷ್ಟೋ ಜನ ಬಿಟ್ಟುಬಿಟ್ಟರು. ಬಿಟ್ಟವರು ಯಾರು? ಅರವತ್ತು ರೂಪಾಯಿ ಹೆಚ್ಚಾದರೆ ಹೊರೆ ಅನ್ನಿಸುವಂಥವರು, ಅಂದರೆ ವಿಮೆ ಹೆಚ್ಚು ಬೇಕಾದವರು.

ಯಶಸ್ವಿನಿಯಲ್ಲಿ ಇನ್ನೊಂದು ಒಳ್ಳೆಯ ಏರ್ಪಾಡು ಇತ್ತು. ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಅಡ್ಮಿಟ್ ಆಗದೆಯೂ ಡಾಕ್ಟರಿಗೆ ತೋರಿಸಿಕೊಳ್ಳುವುದು ಉಚಿತ, ಪರೀಕ್ಷೆಗಳಿಗೆ ರಿಯಾಯಿತಿ. ಮೊದಲ ವರ್ಷ ಆಪರೇಷನ್ ಆದವರು ಸುಮಾರು 9 ಸಾವಿರ. ಬರೀ ತೋರಿಸಿಕೊಂಡು ಹೋದವರು 35 ಸಾವಿರಕ್ಕೂ ಹೆಚ್ಚು. ಬಾಗಿಲು ತೆರೆದಿಟ್ಟರೆ ಜನ ಮೊದಲೇ ಬರುತ್ತಾರೆ ಅನ್ನೋದಕ್ಕೆ ಇದೇ ಸಾಕ್ಷಿ. 2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದ ಜೊತೆ ಸೇರಿಸಿದರು. 2022ರಲ್ಲಿ ಮತ್ತೆ ಬೇರೆಯಾಗಿ ಶುರು ಮಾಡಿದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದವರಿಗೆ 1000 ರೂಪಾಯಿ, ಚಿಕಿತ್ಸೆ 5 ಲಕ್ಷದವರೆಗೆ ಅಂತ ಗೊತ್ತುಮಾಡಿದರು. ಸಹಕಾರ ಸಂಘಕ್ಕೆ ಸೇರಿದ ಸ್ವಸಹಾಯ ಗುಂಪಿನವರಿಗೂ ಅವಕಾಶ ಕೊಟ್ಟರು. ಈ ಸಲದ ನೋಂದಣಿ ಯಾವಾಗ ಅಂತ ನಿಮ್ಮ ಸೊಸೈಟಿಯಲ್ಲಿ, ಹಾಲಿನ ಡೇರಿಯಲ್ಲಿ ಈಗಲೇ ಕೇಳಿಡಿ. ತಾರೀಖು ಕಳೆದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ಕಾರ್ಡು ಯಾವುದಕ್ಕೆ ದುಡ್ಡು ಕೊಡುತ್ತದೆ?

ಕುಣಿಗಲ್ ಕಡೆಯ ಒಂದು ಮನೆ. ಹೆಸರು ಬೇಡ. ಗಂಡನಿಗೆ ಬಿ.ಪಿ. ಇದೆ ಅಂತ ಡಾಕ್ಟರು ಹೇಳಿದ್ದರು. ಮೂರು ತಿಂಗಳು ಮಾತ್ರೆ ನುಂಗಿದರು, ಆಮೇಲೆ "ಈಗ ಆರಾಮಾಗಿದ್ದೀನಿ, ಇದು ಯಾಕೆ" ಅಂತ ಬಿಟ್ಟರು. ಒಂದು ದಿನ ತೋಟದಲ್ಲಿ ಲಕ್ವ ಹೊಡೆಯಿತು. ಕಾರ್ಡು ಇತ್ತು, ಆಸ್ಪತ್ರೆ ಖರ್ಚು ಅದರಲ್ಲೇ ಆಯಿತು. ಆದರೆ ಮನೆಗೆ ಬಂದ ಮೇಲೆ? ಬಲಗೈ ಏಳುವುದಿಲ್ಲ. ಆಕೆ ಕೂಲಿಗೆ ಹೋಗುವ ಹಾಗಿಲ್ಲ. ವ್ಯಾಯಾಮ ಮಾಡಿಸಲು ವಾರಕ್ಕೆರಡು ಸಲ ಆಟೋ. ಹಸು ಮಾರಿದರು. ಮಗ ಪಿ.ಯು.ಸಿ. ಬಿಟ್ಟು ಗಾರ್ಮೆಂಟ್ಸಿಗೆ ಹೋದ. ಬಿಟ್ಟ ಆ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುವಂಥದ್ದು.

ಕಾರ್ಡು ಮೋಸ ಮಾಡಲಿಲ್ಲ, ಅದರ ಕೆಲಸ ಅದು ಮಾಡಿತು. ಆದರೆ ಕಾರ್ಡು ಆಸ್ಪತ್ರೆ ಮಂಚಕ್ಕೆ ದುಡ್ಡು ಕೊಡುತ್ತದೆ, ಮಂಚದಿಂದ ಎದ್ದ ಮೇಲಿನ ಬದುಕಿಗೆ ಕೊಡುವುದಿಲ್ಲ. ಮಂಚದವರೆಗೆ ಹೋಗದ ಹಾಗೆ ತಡೆಯುವ ಹತ್ತು ರೂಪಾಯಿ ಕೆಲಸಕ್ಕೂ ಬಹಳ ಪಾಲಿಸಿಗಳು ಕೊಡುವುದಿಲ್ಲ. ಇದನ್ನು ಬದಲಾಯಿಸಿ ಅಂತ ಕೇಳುವುದು ನಮ್ಮ ಹಕ್ಕು. ಯಾಕೆಂದರೆ ಹುಂಡಿ ನಮ್ಮದು.

ಬೇರೆ ಕಡೆ ಏನು ಮಾಡಿದ್ದಾರೆ?

ಜರ್ಮನಿ ದೇಶದಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದಕ್ಕೆ ಒಂದು ಚಿಕ್ಕ ಪುಸ್ತಕ ಇದೆ, ನಮ್ಮ ಉಳಿತಾಯದ ಪಾಸ್‌ಪುಸ್ತಕದ ಹಾಗೆ. ವರ್ಷಕ್ಕೊಮ್ಮೆ ಹೋಗಿ ತೋರಿಸಿಕೊಂಡರೆ ಅದರಲ್ಲಿ ಮುದ್ರೆ ಬೀಳುತ್ತದೆ. ಮುಂದೆ ಹಲ್ಲು ಕಟ್ಟಿಸಬೇಕಾದರೆ ನಿಗದಿ ಖರ್ಚಿನಲ್ಲಿ ಶೇಕಡ 60 ಭಾಗವನ್ನು ವಿಮಾ ನಿಧಿ ಕೊಡುತ್ತದೆ. ಐದು ವರ್ಷ ತಪ್ಪದೆ ಮುದ್ರೆ ಬಿದ್ದಿದ್ದರೆ 70, ಹತ್ತು ವರ್ಷ ಬಿದ್ದಿದ್ದರೆ 75. ನೋಡಿ, ಹಲ್ಲು ಹಾಳಾಗಲಿಲ್ಲ ಅಂತ ಬಹುಮಾನ ಅಲ್ಲ. ತಪ್ಪದೆ ತೋರಿಸಿಕೊಂಡೆ ಅಂತ ಬಹುಮಾನ. ಈ ವ್ಯತ್ಯಾಸ ದೊಡ್ಡದು.

ದಕ್ಷಿಣ ಆಫ್ರಿಕಾದಲ್ಲಿ 1997ರಿಂದ ಒಂದು ಕಂಪನಿ, ನಡೆದವರಿಗೆ, ತಪಾಸಣೆ ಮಾಡಿಸಿದವರಿಗೆ ಅಂಕ ಕೊಡುತ್ತಾ ಬಂದಿದೆ. ಆಮೇಲೆ ತರಕಾರಿ, ಹಣ್ಣು ಕೊಂಡರೆ ಬಿಲ್ಲಿನಲ್ಲಿ ಶೇಕಡ 25ರವರೆಗೆ ವಾಪಸ್ ಕೊಡುವುದನ್ನೂ ಸೇರಿಸಿತು. ನಮ್ಮ ದೇಶದಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ 2016ರ ನಿಯಮದಲ್ಲಿ, ಆಮೇಲೆ 2020ರ ಮಾರ್ಗಸೂಚಿಯಲ್ಲಿ ಇಂಥದ್ದಕ್ಕೆ ದಾರಿ ಮಾಡಿತು. ತಪಾಸಣೆಗೆ, ವ್ಯಾಯಾಮಕ್ಕೆ ಅಂಕ ಕೊಟ್ಟು, ಆ ಅಂಕಕ್ಕೆ ಕಂತಿನಲ್ಲಿ ರಿಯಾಯಿತಿ ಕೊಡಬಹುದು. ಈಗ ಕೆಲವು ಕಂಪನಿಗಳು ಕೊಡುತ್ತಿವೆ.

ಆದರೆ ಅದು ಹೆಚ್ಚಾಗಿ ಪಟ್ಟಣದವರ ಲೆಕ್ಕ. ಮೊಬೈಲಿನಲ್ಲಿ ಹೆಜ್ಜೆ ಎಣಿಸುತ್ತಾರೆ. ಜಿಮ್ಮಿಗೆ ಹೋದರೆ ಅಂಕ. ತಲೆ ಮೇಲೆ ಮೇವಿನ ಹೊರೆ ಹೊತ್ತು ಎರಡು ಮೈಲಿ ನಡೆಯುವ ಗುಬ್ಬಿಯ ತಾಯಿಯ ಹೆಜ್ಜೆ ಯಾರು ಎಣಿಸುತ್ತಾರೆ? ಆಕೆಗೆ ಬೇಕಾದ್ದು ನಡಿಗೆ ಅಲ್ಲ, ವಿಶ್ರಾಂತಿ ಮತ್ತು ರಕ್ತಹೀನತೆಗೆ ಔಷಧಿ.

ಇನ್ನೊಂದು ಬಗೆ ಇದೆ. ಆ ವರ್ಷ ಕ್ಲೇಮು ಮಾಡದಿದ್ದರೆ ಬೋನಸ್. ಆರೋಗ್ಯ ಸಂಜೀವಿನಿ ಅನ್ನುವ ಸಾಮಾನ್ಯ ಪಾಲಿಸಿ 2020ರಲ್ಲಿ ಬಂತು. ಅದರಲ್ಲಿ ಕ್ಲೇಮು ಇಲ್ಲದ ಪ್ರತಿ ವರ್ಷಕ್ಕೆ ವಿಮೆ ಮೊತ್ತ ಶೇಕಡ 5ರಂತೆ, ಒಟ್ಟು 50ರವರೆಗೆ ಏರುತ್ತದೆ. ಇದು ಒಳ್ಳೆಯದೇ. ಆದರೆ ಒಂದು ಎಚ್ಚರ. ಬೋನಸ್ ಹೋಗುತ್ತದೆ ಅಂತ ಎದೆನೋವು ತಡೆದುಕೊಂಡು ಕೂರಬೇಡಿ. ಕಾಯಿಲೆ ಮುಚ್ಚಿಟ್ಟರೆ ಕಾಯಿಲೆ ಕಡಿಮೆ ಆಗುವುದಿಲ್ಲ, ಬೆಳೆಯುತ್ತದೆ.

ಗುಜರಾತಿನ ಅಕ್ಕತಂಗಿಯರು ಕಲಿತ ಪಾಠ

ಗುಜರಾತಿನಲ್ಲಿ ಸೇವಾ ಅಂತ ಬಡ ದುಡಿಯುವ ಹೆಂಗಸರ ದೊಡ್ಡ ಸಂಘ ಇದೆ. ಅವರು 1992ರಲ್ಲೇ ಸ್ವಂತ ವಿಮೆ ಶುರು ಮಾಡಿದರು. ಕ್ಲೇಮು ಕಾಗದಗಳನ್ನೆಲ್ಲ ತೆಗೆದು ನೋಡಿದರೆ ಮೂರು ವಿಷಯ ಮುಂದೆ ಬಂದವು: ವಾಂತಿ ಭೇದಿ, ಜ್ವರ, ಮತ್ತು ಗರ್ಭಕೋಶ ತೆಗೆಸಿದ್ದು. ಇದು ಬಹಳ ಬುದ್ಧಿವಂತ ಕೆಲಸ. ಯಾವ ಕಾಯಿಲೆಗೆ ದುಡ್ಡು ಹೋಗುತ್ತಿದೆ ಅಂತ ಗೊತ್ತಾದರೆ ತಾನೇ ಎಲ್ಲಿ ಒಡ್ಡು ಕಟ್ಟಬೇಕು ಅಂತ ಗೊತ್ತಾಗುವುದು?

ಅವರ ಕಾರ್ಯಕರ್ತೆಯರು ಊರೂರಿಗೆ ಹೋಗಿ ಈ ಮೂರರ ಬಗ್ಗೆ ಗುಂಪು ಶಿಕ್ಷಣ ಕೊಟ್ಟರು. ಆಮೇಲೆ ಶಿಕ್ಷಣ ಕೊಟ್ಟ ಊರನ್ನೂ ಕೊಡದ ಊರನ್ನೂ ಹೋಲಿಸಿ ನೋಡಿದರು. 2017ರಲ್ಲಿ ಪ್ರಕಟವಾದ ವರದಿಯಲ್ಲಿ ಪ್ರಾಮಾಣಿಕವಾಗಿ ಬರೆದರು: ಬರೀ ಶಿಕ್ಷಣದಿಂದ ಕ್ಲೇಮು ಕಡಿಮೆ ಆಗಿದ್ದು ಕಾಣಲಿಲ್ಲ. ನನ್ನಂಥ ಭಾಷಣ ಮಾಡುವವರಿಗೆ ಇದು ಒಳ್ಳೆಯ ಪಾಠ. ನೀರು ಕುದಿಸಿ ಕುಡಿಯಿರಿ ಅಂತ ಹೇಳಿದರೆ ಸಾಲದು, ಸೌದೆ ಎಲ್ಲಿಂದ ತರೋಣ ಅಂತ ಆಕೆ ಕೇಳುತ್ತಾಳೆ. ಡಾಕ್ಟರಿಗೆ ಬೇಗ ತೋರಿಸಿ ಅಂದರೆ ಸಾಲದು, ದಿನದ ಕೂಲಿ ಹೋಗುತ್ತದಲ್ಲ ಸಿಸ್ಟರ್ ಅನ್ನುತ್ತಾಳೆ. ತಿಳಿವಳಿಕೆ ಜೊತೆಗೆ ಅನುಕೂಲವೂ ಬೇಕು, ನೆನಪಿಸುವವರೂ ಬೇಕು.

ಕೂಲಿಯ ಮಾತು ಬಂತಲ್ಲ, ನಮ್ಮಲ್ಲೇ ಒಂದು ದಾರಿ ತೋರಿಸಿದವರಿದ್ದಾರೆ. ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 2002ರ ಸುಮಾರಿಗೆ ತಿ. ನರಸೀಪುರ ಕಡೆ ಮಾಡಿಸಿದ ವಿಮೆಯಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರಿಗೆ ದಿನಕ್ಕೆ 50 ರೂಪಾಯಿ ಕೂಲಿ ನಷ್ಟ ಅಂತ ಕೊಡುತ್ತಿದ್ದರು. ಬಡವರು ಆಸ್ಪತ್ರೆಗೆ ತಡವಾಗಿ ಯಾಕೆ ಬರುತ್ತಾರೆ ಅಂತ ಅರ್ಥ ಮಾಡಿಕೊಂಡವರ ಕೆಲಸ ಅದು.

ವಿಮೆ ಕೊಡುವವರನ್ನು ನಾವು ಏನು ಕೇಳಬೇಕು?

ಒಬ್ಬೊಬ್ಬರೇ ಕೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಒಕ್ಕೂಟದಿಂದ, ಲೆಟರ್‌ಹೆಡ್ಡಿನಲ್ಲಿ ಬರೆದು ಕೇಳೋಣ. ಕಂಪನಿ ಇರಲಿ, ಟ್ರಸ್ಟ್ ಇರಲಿ, ಕೇಳಬೇಕಾದ್ದು ಇಷ್ಟು:

1. ವರ್ಷಕ್ಕೊಮ್ಮೆ ನಮ್ಮ ಊರಿಗೇ ಬಂದು ಬಿ.ಪಿ., ಶುಗರ್, ರಕ್ತ, ಬಾಯಿ, ಸ್ತನ, ಗರ್ಭಕೋಶದ ಬಾಯಿ ತಪಾಸಣೆ ಮಾಡಿ. ಕೂಲಿ ತಪ್ಪದ ಹಾಗೆ ಭಾನುವಾರವೋ ಸಂಜೆಯೋ ಇರಲಿ.

2. ತಪಾಸಣೆಗೆ ಬಂದವರಿಗೆ, ಮಾತ್ರೆ ತಪ್ಪದೆ ತೆಗೆದುಕೊಂಡವರಿಗೆ, ಹೊಗೆಸೊಪ್ಪು ಬಿಡಲು ಹೆಸರು ಕೊಟ್ಟವರಿಗೆ ಕಂತಿನಲ್ಲಿ ರಿಯಾಯಿತಿ ಕೊಡಿ. ಮಾಡಿದ ಪ್ರಯತ್ನಕ್ಕೆ ಕೊಡಿ. ಶುಗರ್ ಇಳಿಯಲಿಲ್ಲ ಅಂತ ದಂಡ ಹಾಕಬೇಡಿ.

3. ಒಂದು ಸಂಘದ ಎಲ್ಲ ಸದಸ್ಯರೂ ತಪಾಸಣೆ ಮಾಡಿಸಿದರೆ ಸಂಘಕ್ಕೇ ಒಟ್ಟಾಗಿ ರಿಯಾಯಿತಿ ಕೊಡಿ. ಆಗ ಒಬ್ಬರು ಇನ್ನೊಬ್ಬರನ್ನು ಎಳೆದುಕೊಂಡು ಬರುತ್ತಾರೆ. ಸಾಲದ ಮರುಪಾವತಿಯಲ್ಲಿ ಈ ಶಕ್ತಿ ಏನು ಅಂತ ಬ್ಯಾಂಕಿನವರಿಗೆ ಗೊತ್ತು, ವಿಮೆಯವರಿಗೂ ಗೊತ್ತಾಗಲಿ.

4. ನಮ್ಮ ಭಾಗದಿಂದ ಯಾವ ಕಾಯಿಲೆಗೆ ಎಷ್ಟು ಕ್ಲೇಮು ಬಂತು ಅಂತ, ಹೆಸರು ಹೇಳದೆ, ವರ್ಷಕ್ಕೊಮ್ಮೆ ಒಕ್ಕೂಟಕ್ಕೆ ತಿಳಿಸಿ.

5. ಗರ್ಭಕೋಶ ತೆಗೆಯುವ ಮುಂಚೆ ಎರಡನೇ ಡಾಕ್ಟರ ಅಭಿಪ್ರಾಯಕ್ಕೆ ವಿಮೆಯಿಂದಲೇ ದುಡ್ಡು ಕೊಡಿ.

ಐದನೆಯದಕ್ಕೆ ಕಾರಣ ಹೇಳುತ್ತೇನೆ. ಬಿಳಿ ಹೋಗುತ್ತದೆ, ಸೊಂಟ ನೋವು ಅಂತ ಹೋದವರಿಗೆ ಗರ್ಭಕೋಶ ತೆಗೆದುಬಿಡೋಣ, ಕಾರ್ಡು ಇದೆಯಲ್ಲ ಅನ್ನುವವರು ಇದ್ದಾರೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಇಂಥ ಅನಗತ್ಯ ಆಪರೇಷನ್‌ಗಳ ವಿರುದ್ಧ ಹೆಂಗಸರೇ ಬೀದಿಗೆ ಬಂದರು. ಮಂಚಕ್ಕೆ ಮಾತ್ರ ದುಡ್ಡು ಕೊಡುವ ವಿಮೆ ಹೀಗೂ ದಾರಿ ತಪ್ಪಬಹುದು. ನಿಜವಾಗಿ ಬೇಕಾದವರು ಹೆದರದೆ ಮಾಡಿಸಿಕೊಳ್ಳಿ. ಆದರೆ ಅಂದೇ ಒಪ್ಪಿ ಸಹಿ ಹಾಕಬೇಡಿ, ಇನ್ನೊಬ್ಬ ಡಾಕ್ಟರಿಗೆ ತೋರಿಸಿ.

ಕಾಯದೆ ನಾವು ಮಾಡಬಹುದಾದ್ದು

ಅವರು ಕೊಡುವ ತನಕ ಕೈಕಟ್ಟಿ ಕೂರುವುದು ಬೇಡ. ವಾರದ ಸಭೆ ನಮ್ಮದೇ ಇದೆಯಲ್ಲ.

ಬಿ.ಪಿ. ಯಂತ್ರ ಸುಮಾರು ಎರಡು ಸಾವಿರ ರೂಪಾಯಿಗೆ ಸಿಗುತ್ತದೆ. ಹದಿನೈದು ಜನ ವಾರಕ್ಕೆ ಹತ್ತು ರೂಪಾಯಿ ಹೆಚ್ಚಿಗೆ ಹಾಕಿದರೆ ಹದಿನಾಲ್ಕು ವಾರಕ್ಕೆ ಯಂತ್ರ ಬಂತು. ಆಶಾ ಕಾರ್ಯಕರ್ತೆಯನ್ನು ಕರೆದು ನೋಡುವುದನ್ನು ಕಲಿಯಿರಿ. ಮೇಲಿನ ಅಂಕಿ 140, ಕೆಳಗಿನದು 90, ಇವುಗಳಲ್ಲಿ ಒಂದು ಮುಟ್ಟಿದರೂ ಮತ್ತೊಂದು ದಿನ ನೋಡಿ, ಹಾಗೇ ಇದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಮೂವತ್ತು ದಾಟಿದವರಿಗೆ ಅಲ್ಲಿ ಬಿ.ಪಿ., ಶುಗರ್ ನೋಡಲು ದುಡ್ಡು ಕೇಳುವುದಿಲ್ಲ. ಮನೆ ಬಾಗಿಲಿಗೇ ಬಂದು ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಶುರು ಮಾಡಿತು. ತಂಡ ನಿಮ್ಮ ಬೀದಿಗೆ ಬಂದಾಗ ಗಂಡಸರನ್ನೂ ಹಿಡಿದು ಕೂರಿಸಿ.

ಅಂಕಿಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಯಬೇಡಿ. ಪ್ರತಿಯೊಬ್ಬರ ಚೀಟಿ ಅವರವರ ಹತ್ತಿರವೇ ಇರಲಿ. ಒಬ್ಬರ ಕಾಯಿಲೆ ಊರಿನ ಮಾತಾಗಬಾರದು. "ನೋಡಿಸಿಕೊಂಡೆಯಾ? ಮಾತ್ರೆ ಇದೆಯಾ?" ಇಷ್ಟು ಕೇಳಿದರೆ ಸಾಕು.

ಉಪ್ಪಿನ ಲೆಕ್ಕ ಬಹಳ ಸುಲಭ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಲ್ಕು ಜನರ ಮನೆಗೆ ಒಂದು ಕೆ.ಜಿ. ಪ್ಯಾಕೆಟ್ ಕಡಿಮೆ ಅಂದರೆ 50 ದಿನ ಬರಬೇಕು. ನಿಮ್ಮಲ್ಲಿ ಎಷ್ಟು ದಿನ ಬರುತ್ತದೆ? ಪ್ಯಾಕೆಟ್ ಒಡೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಉಪ್ಪಿನಕಾಯಿ, ಹಪ್ಪಳದ ಉಪ್ಪು ಇದರ ಮೇಲೆ ಸೇರುತ್ತದೆ ಅನ್ನುವುದೂ ನೆನಪಿರಲಿ.

ಎಲೆ ಅಡಿಕೆ ಮಾತು ಗುಬ್ಬಿಯವರ ಮುಂದೆ ಹೇಳುವುದು ಕಷ್ಟ. ಅಡಿಕೆ ನಿಮ್ಮ ಬೆಳೆ, ಮನೆ ನಡೆಯುವುದು ಅದರಿಂದ. ಬೆಳೆಯುವುದು ಬೇರೆ, ದಿನವೆಲ್ಲ ದವಡೆಯಲ್ಲಿ ಇಟ್ಟುಕೊಳ್ಳುವುದು ಬೇರೆ. ಹೊಗೆಸೊಪ್ಪು, ಕಡ್ಡಿಪುಡಿ ಸೇರಿದರಂತೂ ಬಾಯಿಯ ಕ್ಯಾನ್ಸರಿಗೆ ನೇರ ದಾರಿ. ಅಡಿಕೆಯೊಂದೇ ಆದರೂ ಅಪಾಯ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರಕ್ಕೂ ಮಾಯದ ಹುಣ್ಣು, ಬಾಯಿ ಅಗಲ ತೆರೆಯಲಾಗದಿರುವುದು ಕಂಡರೆ ತಡಮಾಡಬೇಡಿ. ತುಮಕೂರಿನಲ್ಲಿ ಬೀಡಿ ಕಟ್ಟುವ ತಾಯಂದಿರೇ, ಕಟ್ಟಿದ ಕೈಯಲ್ಲಿ ಮಗುವಿಗೆ ತುತ್ತು ಕೊಡಬೇಡಿ, ಸೋಪು ಹಚ್ಚಿ ತೊಳೆಯಿರಿ. ಕಿಟಕಿ ತೆಗೆದಿಟ್ಟು ಕೆಲಸ ಮಾಡಿ.

ಒಲೆಯ ಹೊಗೆಯಿಂದ ಬರುವ ಕೆಮ್ಮು, ದಮ್ಮು ಹೆಂಗಸರ ಪಾಲಿನದು. ಹೊಗೆ ಹೊರಗೆ ಹೋಗುವ ಅಸ್ತ್ರ ಒಲೆಯ ಹೆಸರು ಹಿರಿಯರಿಗೆ ನೆನಪಿರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ತಂಡದವರ ಹಳ್ಳಿ ಕೇಂದ್ರ ಇದ್ದದ್ದು ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲೇ. ಗ್ಯಾಸ್ ಇದ್ದರೂ ನೀರು ಕಾಯಿಸಲು, ಮುದ್ದೆಗೆ ಸೌದೆ ಹಚ್ಚುತ್ತೇವಲ್ಲ, ಅಲ್ಲಿ ಹೊಗೆಗೊಂದು ದಾರಿ ಮಾಡಿ. ಕತ್ತಲಲ್ಲಿ ತೋಟಕ್ಕೆ ಹೋಗುವಾಗ ಟಾರ್ಚು, ಕಾಲಿಗೆ ಚಪ್ಪಲಿ ಅಲ್ಲ, ಮುಚ್ಚುವ ಬೂಟು ಇರಲಿ. ಹಾವು ಕಡಿದರೆ ಮಂತ್ರ, ನಾಟಿ ಅಂತ ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ.

ಎರಡು ಎಚ್ಚರಿಕೆ

ಒಂದು, ಪಾಲಿಸಿ ಫಾರಂ ತುಂಬುವಾಗ ಇರುವ ಕಾಯಿಲೆ ಮುಚ್ಚಿಡಬೇಡಿ. "ಬರೆಯಬೇಡಮ್ಮಾ, ನಾನು ನೋಡಿಕೊಳ್ತೀನಿ" ಅನ್ನುವ ಏಜೆಂಟರ ಮಾತು ಕೇಳಬೇಡಿ, ಕ್ಲೇಮಿನ ದಿನ ಆತ ಫೋನ್ ಎತ್ತುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿ ನಾಲ್ಕು ವರ್ಷ ಇದ್ದದ್ದನ್ನು 2024ರಲ್ಲಿ ಮೂರು ವರ್ಷಕ್ಕೆ ಇಳಿಸಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿ ಮತ್ತು ಕುಟುಂಬದ ಆರೋಗ್ಯ ಪಾಲಿಸಿಗಳಿಗೆ ಜಿ.ಎಸ್.ಟಿ. ಕೂಡ ಇಲ್ಲ. ಏಜೆಂಟರು ತೆರಿಗೆ ಅಂತ ಸೇರಿಸಿದರೆ ಕೇಳಿ.

ಎರಡು, ಕಾಯಿಲೆ ಬಂದವರನ್ನು ದೂರಬೇಡಿ. "ನಿನ್ನಿಂದ ನಮ್ಮ ಕಂತು ಏರಿತು" ಅನ್ನುವ ಮಾತು ಯಾವ ಸಂಘದಲ್ಲೂ ಬರಬಾರದು. ಎಲ್ಲ ಕಾಯಿಲೆಯೂ ನಮ್ಮ ಕೈಯಲ್ಲಿಲ್ಲ. ಪಾವಗಡ, ಶಿರಾ ಕಡೆಯ ಜನ ಫ್ಲೋರೈಡ್ ನೀರು ಕುಡಿದು ಮೂಳೆ ನೋವು ತಿಂದದ್ದು ಅವರ ತಪ್ಪೇ? ಕಾಯಿಲೆ ಬಂದವರನ್ನು ಹೊರಗಿಟ್ಟರೆ ಹುಂಡಿಗೆ ಅರ್ಥವೇ ಇಲ್ಲ. ಬಿದ್ದವರನ್ನು ಎತ್ತುವುದಕ್ಕೇ ನಾವು ಸೇರಿರುವುದು. ಬೀಳುವವರು ಕಡಿಮೆಯಾಗಲಿ ಅಂತ ಈಗ ಇನ್ನೊಂದು ಹೆಜ್ಜೆ ಇಡುತ್ತಿದ್ದೇವೆ, ಅಷ್ಟೇ.

ಮನೆಯಲ್ಲಿ ಎಲ್ಲರ ತಪಾಸಣೆ ಮುಗಿಸಿ ಕೊನೆಗೆ ನೀವು ಹೋಗುವುದು ಬೇಡ. ಈ ಸಲ ಮೊದಲು ನೀವು ಹೋಗಿ.

ನಿಮ್ಮ ಸಂಘದ ಸಭೆಯಲ್ಲಿ ಚರ್ಚಿಸಿ:

1. ಹೋದ ಎರಡು ವರ್ಷದಲ್ಲಿ ನಮ್ಮ ಸಂಘ ಆಸ್ಪತ್ರೆಗಾಗಿ ಕೊಟ್ಟ ಸಾಲ ಒಟ್ಟು ಎಷ್ಟು? ಅದರಲ್ಲಿ ತಡೆಯಬಹುದಾಗಿದ್ದ ಕಾಯಿಲೆ ಎಷ್ಟು?

2. ನಮ್ಮಲ್ಲಿ ಯಾರ ಹತ್ತಿರ ಯಾವ ಕಾರ್ಡು ಇದೆ? ಅದು ಈಗ ಚಾಲ್ತಿಯಲ್ಲಿ ಇದೆಯೇ?

3. ಒಕ್ಕೂಟದಿಂದ ಬರೆಯುವ ಪತ್ರದಲ್ಲಿ ಮೇಲಿನ ಐದು ಬೇಡಿಕೆಗಳ ಜೊತೆ ಇನ್ನೇನು ಸೇರಿಸಬೇಕು?

4. ಮುಂದಿನ ತಿಂಗಳೊಳಗೆ ಎಲ್ಲರ ಬಿ.ಪಿ. ನೋಡಿಸುವ ಜವಾಬ್ದಾರಿ ಯಾರದು?